ಉಪ್ಪಿಟ್ಟು ಸಿದ್ಧಾಂತ: ಹಾಸನ ಸೀಮೆಯ ಉಪವಾಸ ಮೀಮಾಂಸೆ

ಪಂಚಾಂಗಕರ್ತರಲ್ಲಿ ಸೂರ್ಯಸಿದ್ಧಾಂತದವರು, ದೃಗ್ಗಣಿತದವರು ಎಂದು ಎರಡು ಪಕ್ಷಗಳಿವೆ. ಒಬ್ಬರ ಏಕಾದಶಿ ಇವತ್ತಾದರೆ ಇನ್ನೊಬ್ಬರದು ನಾಳೆ ಆಗುವುದುಂಟು. ಇವೆರಡರ ಜಗಳದ ನಡುವೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಅಡುಗೆಮನೆಗಳಲ್ಲಿ ಮೂರನೆಯ ಪಕ್ಷವೊಂದು ಸದ್ದಿಲ್ಲದೆ ಬೆಳೆದು ನಿಂತಿದೆ. ಅದಕ್ಕೆ ಉಪ್ಪಿಟ್ಟು ಸಿದ್ಧಾಂತ ಎಂದು ಈ ಪ್ರಬಂಧಕಾರ ನಾಮಕರಣ ಮಾಡಿದ್ದಾನೆ. ಮೂಲಸೂತ್ರ ಇಷ್ಟೇ: ಇವತ್ತು ಉಪವಾಸವೋ ಅಲ್ಲವೋ ಎಂಬುದನ್ನು ನಿರ್ಣಯಿಸುವುದು ತಿಥಿಯಲ್ಲ, ಬಾಣಲೆ.

ಮೀಮಾಂಸಕರ ಪದ್ಧತಿಯಂತೆ ಮೊದಲು ವಿಷಯ. ವರ್ಷಕ್ಕೆ 24 ಏಕಾದಶಿ, ಅಧಿಕಮಾಸ ಬಂದರೆ 26. ಅಂದು ಅನ್ನ ನಿಷಿದ್ಧ. ಇನ್ನು ಸಂಶಯ: ಅನ್ನ ಬಿಟ್ಟ ಮೇಲೆ ಹೊಟ್ಟೆಗೆ ಏನು? ಪೂರ್ವಪಕ್ಷಿ, ಸಾಮಾನ್ಯವಾಗಿ ಮನೆಯ ಕಿರಿಯ ಸೊಸೆ, "ಉಪವಾಸ ಅಂದ್ಮೇಲೆ ಏನೂ ಇಲ್ಲ ಅಲ್ವಾ ಅತ್ತೆ?" ಎಂದು ಕೇಳುತ್ತಾಳೆ. ಸಿದ್ಧಾಂತಿಯಾದ ಅತ್ತೆ ಒಂದೇ ಮಾತಿನಲ್ಲಿ ಇದನ್ನು ಖಂಡಿಸುತ್ತಾರೆ: "ರವೆ ಏನು ಅನ್ನವೇನೇ?" ಇಲ್ಲಿಗೆ ಮೊದಲ ಅಧಿಕರಣ ಮುಗಿದು ಬೆಳಗಿನ ಉಪ್ಪಿಟ್ಟು ಒಲೆಗೇರುತ್ತದೆ. ಈರುಳ್ಳಿ ಬಿದ್ದರೆ ವ್ರತಭಂಗ. ಆ ಕೊರತೆ ತುಂಬಲು ಗೋಡಂಬಿ ಬೀಳುತ್ತದೆ.

ಅವಲಕ್ಕಿ ಅಧಿಕರಣ ಇದಕ್ಕಿಂತ ಗಹನ. ಅವಲಕ್ಕಿ ಭತ್ತದಿಂದಲೇ ಬಂದದ್ದು, ಇದನ್ನು ಯಾವ ವಾದಿಯೂ ಅಲ್ಲಗಳೆಯಲಾರ. ಭತ್ತದಿಂದ ಬಂದ ಅಕ್ಕಿ ನಿಷಿದ್ಧ, ಅದೇ ಭತ್ತದಿಂದ ಬಂದ ಅವಲಕ್ಕಿ ಫಲಾಹಾರ! ಕಟ್ಟಾ ಮಾಧ್ವರ ಮನೆಗಳಲ್ಲಿ ಈ ಫಲಾಹಾರಕ್ಕೆ ಪ್ರವೇಶವಿಲ್ಲ; ಅಲ್ಲಿ ನಿರ್ಜಲದ ಮಾತೂ ಇದೆ. ಮಿಕ್ಕವರ ಸಮಾಧಾನ ಹೀಗೆ: ನೆನೆದು, ಹುರಿದು, ಏಟು ತಿಂದು ಚಪ್ಪಟೆಯಾಗುವಷ್ಟರಲ್ಲಿ ಭತ್ತದ ಪೂರ್ವಾಶ್ರಮ ಕಳೆದಿರುತ್ತದೆ, ಸನ್ಯಾಸ ಪಡೆದವನನ್ನು ಹಳೆಯ ಹೆಸರಿನಿಂದ ಕರೆಯಬಾರದು. ಹೀಗೆ ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಹುಳಿಯವಲಕ್ಕಿ, ರಾತ್ರಿ ಗೋಧಿಹಿಟ್ಟಿನ ದೋಸೆ, ಮಲಗುವ ಮುಂಚೆ ಬಾಳೆಹಣ್ಣು ಮತ್ತು ಒಂದು ಲೋಟ ಹಾಲು. ಅನ್ನ ಉಂಡ ದಿನ ಇಷ್ಟು ಪಾತ್ರೆ ತೊಳೆಯಬೇಕಾಗಿ ಬರುವುದಿಲ್ಲ ಎಂಬುದು ಪೂರ್ವಪಕ್ಷಿಯ ಶಾಶ್ವತ ಆಕ್ಷೇಪ. ಅದಕ್ಕೆ ಸಿದ್ಧಾಂತದಲ್ಲಿ ಉತ್ತರವಿಲ್ಲ.

ನಿಜವಾಗಿ ಊಟ ಬಿಟ್ಟವರು ಜಿಲ್ಲೆಯಲ್ಲಿ ಇಲ್ಲವೆಂದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ಕೈಗೊಂಡು ದೇಹ ಬಿಟ್ಟವರ ಹೆಸರುಗಳು ಏಳನೆಯ ಶತಮಾನದಿಂದಲೂ ಬಂಡೆಯ ಮೇಲೆ ಇವೆ. ಆದರೆ ಅವರು ಜೈನರು. ಮೇಲಾಗಿ ಹೇಳಿದ್ದನ್ನು ಹೇಳಿದ ಹಾಗೇ ಮಾಡಿದವರು. ಎರಡು ಕಾರಣಕ್ಕೂ ಅವರು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.  

ಈಗ, ಶಬರಿಮಲೆ ವ್ರತದ ಮೂಲಕ ನಮ್ಮ ಉಪವಾಸದ ಲೆಕ್ಕದೊಳಗೆ ಬಂದ ಮಲಯಾಳ ಪಂಚಾಂಗದ ಪ್ರಸಂಗ. ಕೊಲ್ಲವರ್ಷ ಕ್ರಿ.ಶ. 825ರಲ್ಲಿ ಆರಂಭವಾದದ್ದು, 2025ರ ಆಗಸ್ಟಿನಲ್ಲಿ ಅದಕ್ಕೆ 1201 ಹಿಡಿಯಿತು. ಚಿಂಙ ಮಾಸದಿಂದ ಶುರುವಾಗಿ ಕರ್ಕಾಟಕದಲ್ಲಿ ಮುಗಿಯುವ ಶುದ್ಧ ಸೌರಮಾನ. ಅದರ ತಿಂಗಳುಗಳಿಗೆ ಅಧಿಕವೂ ಇಲ್ಲ, ಕ್ಷಯವೂ ಇಲ್ಲ. ಸಂಕ್ರಮಣವಾದ ಮೇಲೆ ಒಂದು, ಎರಡು, ಮೂರು ಎಂದು ಎಣಿಸುತ್ತಾ ಹೋದರಾಯಿತು. ವ್ಯಾಖ್ಯಾನಕ್ಕೆ ಸಂದೇ ಇಲ್ಲದ ಇಂಥ ಪಂಚಾಂಗ ನಮ್ಮ ಜನಕ್ಕೆ ಒಗ್ಗುತ್ತದೆಯೇ ಎಂದು ಯಾರಿಗಾದರೂ ಅನುಮಾನ ಬರಬೇಕು.

ಆ ದಿಕ್ಕಿನ ಸಂಬಂಧ ಮಾತ್ರ ಹೊಸದಲ್ಲ. ಶೆಂಕೋಟೆಯ ಕಡೆಯಿಂದ ನಾಚಾರಮ್ಮನ ಕಥೆಯನ್ನೂ ತಮಿಳು, ಮಲಯಾಳ, ಕನ್ನಡ ಬೆರೆತ ಮಾತನ್ನೂ ಹೊತ್ತು ಬಂದ ಸಂಕೇತಿಗಳು ಹಾಸನದ ಪಕ್ಕದ ಕೌಶಿಕದಲ್ಲೂ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದಲ್ಲೂ ನೆಲೆಸಿ ಶತಮಾನಗಳಾದವು. ಶೆಂಕೋಟೆ 1956ರವರೆಗೂ ತಿರುವಾಂಕೂರಿನ ಕಡೆಗೇ ಇತ್ತು. ಇನ್ನು ಇಲ್ಲಿನ ಅಯ್ಯಂಗಾರರ ಮನೆಗಳಲ್ಲಿ ಕೃಷ್ಣ ಹುಟ್ಟಿದ ಶ್ರೀಜಯಂತಿಗೆ ನೋಡುವುದು ಸಿಂಹಮಾಸದ ರೋಹಿಣಿಯನ್ನು. ಈ ಸಿಂಹವೇ ಅಲ್ಲಿನ ಚಿಂಙ. ಪಕ್ಕದ ಸ್ಮಾರ್ತರ ಮನೆಯಲ್ಲಿ ಕೃಷ್ಣ ಶ್ರಾವಣದ ಅಷ್ಟಮಿಗೆ ಹುಟ್ಟುತ್ತಾನೆ. ಕೆಲವು ವರ್ಷ ಇವೆರಡರ ನಡುವೆ ದಿನಗಳೇ ಉರುಳುತ್ತವೆ. ಮಗು ಎರಡು ಸಲ ಹುಟ್ಟಿದ್ದರಿಂದ ಒಂದೇ ಬೀದಿಯಲ್ಲಿ ಚಕ್ಕುಲಿ, ಮುಚ್ಚೋರೆ ಎರಡು ಸಲ ಕರಿಯಲಾಗುತ್ತದೆ. ಪಂಚಾಂಗಭೇದದಿಂದ ಲೋಕಕ್ಕೆ ಆದ ಉಪಕಾರ ಇದೊಂದೇ ಇರಬಹುದು.

ಕೊಲ್ಲವರ್ಷ ನಾಲ್ಕೂ ತಾಲ್ಲೂಕುಗಳಿಗೆ ಎಲ್ಲ ಜಾತಿಯವರ ಮನೆಬಾಗಿಲಿಗೂ ಬಂದದ್ದು ಕಪ್ಪು ಪಂಚೆಯುಟ್ಟು. ವೃಶ್ಚಿಕ ಮಾಸದ ಒಂದನೇ ತಾರೀಖು, ಅಂದರೆ ನವೆಂಬರ್ 16 ಅಥವಾ 17ಕ್ಕೆ ಶಬರಿಮಲೆಯಲ್ಲಿ ಮಂಡಲ ಕಾಲ ಆರಂಭ. ಮಾಲೆ ಹಾಕಿದವನಿಗೆ 41 ದಿನ ಬ್ರಹ್ಮಚರ್ಯ, ತಣ್ಣೀರ ಸ್ನಾನ, ಬರಿಗಾಲು, ಮಿತಾಹಾರ. ಸಂಖ್ಯೆ ಸ್ಪಷ್ಟ; ತಿಥಿ ನೆಪ ನಡೆಯದು. ಆದರೂ ನಮ್ಮ ಕಡೆಯ ಗಣಿತಜ್ಞರು ಸೋಲಲಿಲ್ಲ. 41 ಮೊದಲು 21 ಆಯಿತು, ಆಮೇಲೆ 11, ರಜೆ ಸಿಗದವರಿಗೆ 3. ಈಗ ಬೆಳಿಗ್ಗೆ ಮಾಲೆ, ಸಂಜೆ ಇರುಮುಡಿ, ರಾತ್ರಿ ಟೆಂಪೋ ಟ್ರಾವೆಲರ್ ಎಂಬ ಸೂಕ್ಷ್ಮಮಾನವೂ ಬಳಕೆಗೆ ಬಂದಿದೆ. ಗುರುಸ್ವಾಮಿಗಳನ್ನು ಕೇಳಿದರೆ "ಭಕ್ತಿ ಮುಖ್ಯ ಸ್ವಾಮಿ" ಎನ್ನುತ್ತಾರೆ. ಪೂರ್ತಿ 41 ದಿನ ಮಾಡಿದವರು ಇದನ್ನು ಕೇಳಿಸಿಕೊಂಡೂ ಸುಮ್ಮನಿರುವುದು ವ್ರತದ ಅತ್ಯಂತ ಕಠಿಣ ಭಾಗ.

ಮಿತಾಹಾರದ ಗತಿಯನ್ನೂ ಗಮನಿಸಬೇಕು. ಮಾಲಾಧಾರಿಗೆ ಊಟ ಹಾಕುವುದು ಪುಣ್ಯ, ಅದರ ಹೆಸರು ಭಿಕ್ಷೆ. ಹಾಗಾಗಿ ಇವತ್ತು ಇವರ ಮನೆ, ನಾಳೆ ಅವರ ಮನೆ. "ಇನ್ನೊಂದು ಹೋಳಿಗೆ ಸ್ವಾಮಿ", "ಬೇಡ ಸ್ವಾಮಿ", "ಬೇಡ ಅನ್ನಬಾರದು ಸ್ವಾಮಿ." ಮೂರನೆಯ ವಾಕ್ಯಕ್ಕೆ ಶಾಸ್ತ್ರಬಲವಿರುವುದರಿಂದ ಎಲೆಗೆ ಹೋಳಿಗೆ ಬೀಳುತ್ತದೆ. ಹೀಗೆ ಸಾಗಿದ ಮಲಯಾಳದ ಲೆಕ್ಕ ಕೊನೆಗೆ ಮಕರಸಂಕ್ರಾಂತಿಯ ದಿನ ನಮ್ಮ ಲೆಕ್ಕಕ್ಕೆ ಕೂಡುತ್ತದೆ. ನಮ್ಮ ಹಬ್ಬಗಳಲ್ಲಿ ಎಲ್ಲ ಮನೆಗಳೂ ಸೂರ್ಯನನ್ನು ನಂಬಿದ್ದು ಹೆಚ್ಚುಕಡಿಮೆ ಅದೊಂದೇ ಆದ್ದರಿಂದ ಶಬರಿಮಲೆಯಲ್ಲಿ ಜ್ಯೋತಿ ಕಂಡ ಸಂಜೆಯೇ ಇಲ್ಲಿ ಎಳ್ಳುಬೆಲ್ಲ.

ದೇವರ ಕಡೆಯ ಸಾಕ್ಷ್ಯವನ್ನು ಚುಟುಕಾಗಿ ಹೇಳುವುದಾದರೆ: ಹಾಸನಾಂಬೆಯ ಬಾಗಿಲು ತೆರೆಯುವುದು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ, ಮುಚ್ಚುವುದು ಬಲಿಪಾಡ್ಯಮಿಯ ಆಸುಪಾಸು. 2024ರಲ್ಲಿ ಅಕ್ಟೋಬರ್ 24ಕ್ಕೆ ತೆರೆಯಿತು, 2025ರಲ್ಲಿ ಅಕ್ಟೋಬರ್ 9ಕ್ಕೆ. ಮುಚ್ಚುವಾಗ ಇಟ್ಟ ನೈವೇದ್ಯ ಮುಂದಿನ ವರ್ಷದವರೆಗೂ ಹಳಸುವುದಿಲ್ಲವೆಂಬ ನಂಬಿಕೆಯಿದೆ. ಅಷ್ಟು ದಿನ ಅನ್ನವನ್ನು ಮುಂದಿಟ್ಟುಕೊಂಡೂ ಮುಟ್ಟದ ಬೇರೊಬ್ಬರನ್ನು ಜಿಲ್ಲೆಯಲ್ಲಿ ತೋರಿಸಲಾಗದು. ರಾಮನಾಥಪುರದಲ್ಲಿ ಷಷ್ಠಿಯ ತೇರು ಎಳೆಯುವ ದಿನ ಒಪ್ಪೊತ್ತು ಮಾಡುವವರಿದ್ದಾರೆ. ಜಾತ್ರೆಯ ಕಡಲೆಪುರಿ, ಬತ್ತಾಸು, ಖಾರವನ್ನು ಯಾವ ಹೊತ್ತಿನ ಲೆಕ್ಕಕ್ಕೂ ಸೇರಿಸುವ ವಾಡಿಕೆಯಿಲ್ಲ.

ಸಿದ್ಧಾಂತಕ್ಕೆ ಪರಮ ಪ್ರಮಾಣ ಹೊಸತೊಡಕು. ಯುಗಾದಿಯ ಮರುದಿನ ಬರುವ ಈ ಮಹಾಪರ್ವಕ್ಕೆ ಪಂಚಾಂಗದಲ್ಲಿ ತಿಥಿನಿರ್ಣಯವಿಲ್ಲ, ಸಂಕಲ್ಪವಿಲ್ಲ, ಅರ್ಚಕರಿಲ್ಲ. ಆದರೂ ಬೆಳಗಿನ ಜಾವಕ್ಕೇ ಮಟನ್ ಅಂಗಡಿಯ ಮುಂದೆ ಸಾಲು ನಿಂತಿರುತ್ತದೆ. ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ಚೀಟಿ ಕಟ್ಟಿ, ಕುರಿ ತಂದು, ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ದೃಗ್ಗಣಿತದವರೂ ಸೂರ್ಯಸಿದ್ಧಾಂತದವರೂ ಹುಟ್ಟಿಸಲಾರದ ಒಮ್ಮತ ಇದು.

ಒಮ್ಮತಕ್ಕೆ ಕಂಟಕ ಬಂದದ್ದು 2025ರಲ್ಲಿ. ಯುಗಾದಿ ಮಾರ್ಚ್ 30ರ ಭಾನುವಾರ ಬಿದ್ದು ಹೊಸತೊಡಕು ಸೋಮವಾರಕ್ಕೆ ಬಂತು. ಸೋಮವಾರ "ವಾರ ಮಾಡುವ" ಮನೆಗಳಲ್ಲಿ ಬಾಡು ಬೇಯುವುದಿಲ್ಲ. ಈಗ ವಾರ ಬಲಿಷ್ಠವೋ, ತೊಡಕು ಬಲಿಷ್ಠವೋ? ವಾರ ನಿತ್ಯ, ತೊಡಕು ನೈಮಿತ್ತಿಕ; ನೈಮಿತ್ತಿಕ ಬಂದಾಗ ನಿತ್ಯ ಸರಿದುಕೊಳ್ಳಬೇಕು ಎಂದಿತು ಒಂದು ಪಕ್ಷ. ಎರಡನೆಯ ಪಕ್ಷ ತೊಡಕನ್ನೇ ಮಂಗಳವಾರಕ್ಕೆ ಮುಂದೂಡಿತು. ಮೂರನೆಯ ಪಕ್ಷದ ಮನೆಯೊಡೆಯರು ಸೋಮವಾರ ನೆಂಟರ ಮನೆಯಲ್ಲಿ ಉಂಡು, ಮಂಗಳವಾರ ತಮ್ಮ ಮನೆಯಲ್ಲಿ ಮಾಡಿಸಿದರು. ಶಾಸ್ತ್ರದಲ್ಲಿ ಇದಕ್ಕೆ ಸಮುಚ್ಚಯ ಎನ್ನುತ್ತಾರೆ. ಪ್ರಬಂಧಕಾರನ ಒಲವು ಇತ್ತಲೇ.

ಈ ಸಿದ್ಧಾಂತಕ್ಕೆ ಆಕ್ಷೇಪಗಳಿದ್ದರೆ ವಿದ್ವಾಂಸರು ಖುದ್ದಾಗಿ ಬಂದು ವಾದಿಸಬಹುದು. ದ್ವಾದಶಿಯ ಬೆಳಿಗ್ಗೆ ಮಾತ್ರ ಬೇಡ. ಅಗಸೆಸೊಪ್ಪು, ನೆಲ್ಲಿಕಾಯಿ ಸಮೇತ ಪಾರಣೆ ಇರುತ್ತದೆ, ಮಾತಾಡಲು ಪುರುಸೊತ್ತಾಗುವುದಿಲ್ಲ.