ಬ್ರೌಸರ್ ಮೀಮಾಂಸೆ, ಅಥವಾ ಆಡು ಮುಟ್ಟದ ಸೊಪ್ಪಿನ ವಿಚಾರ

ನಿತ್ಯದ ಬಳಕೆಗೆ ಯಾವ ಬ್ರೌಸರ್ ಮೇಲು ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಾಚಾರ್ಯರು ಯಾರೂ ಎತ್ತಿಕೊಂಡಿಲ್ಲ. ಅವರ ಕಾಲದಲ್ಲಿ ಬ್ರೌಸರ್ ಇರಲಿಲ್ಲ ಎಂಬುದನ್ನು ಬಿಟ್ಟರೆ ಇದಕ್ಕೆ ಬೇರೆ ಕಾರಣ ಕಾಣುವುದಿಲ್ಲ. ಈಗಿನ ಆಚಾರ್ಯರು, ಅಂದರೆ ಕಂಪ್ಯೂಟರ್ ಓದಿದ ಅಕ್ಕನ ಮಕ್ಕಳು, ಪ್ರಶ್ನೆ ಮುಗಿಯುವ ಮೊದಲೇ ಲ್ಯಾಪ್‌ಟಾಪ್ ಕಿತ್ತುಕೊಂಡು, ತಮಗೆ ಬೇಕಾದ್ದನ್ನು ಹಾಕಿಕೊಟ್ಟು, ಊಟಕ್ಕೂ ನಿಲ್ಲದೆ ಹೊರಟುಹೋಗುತ್ತಾರೆ. ಹೀಗೆ ವಿಷಯವು ಶಾಸ್ತ್ರದ ಕೈಗೆ ಸಿಕ್ಕದೆ ಉಳಿದಿದೆ. ಆ ಕೊರತೆಯನ್ನು ನೀಗಲೆಂದು ನಾವು ಈ ಪ್ರಬಂಧವನ್ನು ಕೈಗೆತ್ತಿಕೊಂಡಿದ್ದೇವೆ. ‘ನಾವು’ ಎಂದರೆ ನಾನೊಬ್ಬನೇ. ಶಾಸ್ತ್ರ ಬರೆಯುವಾಗ ಬಹುವಚನ ಹಾಕದಿದ್ದರೆ ಮನೆಯವರೂ ನಂಬುವುದಿಲ್ಲ. ಹಾಕಿದರೂ ನಂಬುವುದಿಲ್ಲ, ಆ ಮಾತು ಬೇರೆ.

ಮೊದಲು ಪದವಿಚಾರ. ಬ್ರೌಸರನ್ನು ಕನ್ನಡದಲ್ಲಿ ‘ಜಾಲದರ್ಶಕ’ ಎಂದು ಕರೆದವರಿದ್ದಾರೆ, ‘ವೀಕ್ಷಕ’ ಎಂದವರೂ ಇದ್ದಾರೆ. ಎರಡೂ ಅಸಾಧು. ಮೂಲ ಇಂಗ್ಲಿಷ್ ಧಾತುವಿಗೂ ನೋಟಕ್ಕೂ ಸಂಬಂಧವೇ ಇಲ್ಲ. ಮೇಕೆ, ಜಿಂಕೆಗಳು ಕತ್ತೆತ್ತಿ ಗಿಡದ ಚಿಗುರು ಕಿತ್ತು ತಿನ್ನುವುದಕ್ಕೆ ಹುಟ್ಟಿದ ಮಾತು ಅದು. ತಲೆ ತಗ್ಗಿಸಿ ಹುಲ್ಲು ಮೇಯುವುದಕ್ಕೆ ಆ ಭಾಷೆಯಲ್ಲಿ ಬೇರೆ ಪದವೇ ಇದೆ. ಅಲ್ಲಿಗೆ ಬ್ರೌಸರ್ ಎಂಬುದರ ಅಚ್ಚಕನ್ನಡ ರೂಪ ‘ಆಡು’ ಎಂದು ಸಿದ್ಧವಾಯಿತು. ಆಡು ಮುಟ್ಟದ ಸೊಪ್ಪಿಲ್ಲ ಎಂದ ನಮ್ಮ ಹಿರಿಯರು ಇದನ್ನೆಲ್ಲ ಮೊದಲೇ ಕಂಡಿದ್ದರೆಂದು ವಾದಿಸುವ ಆಸೆ ನಮಗೂ ಇದೆ. ಆದರೆ ಆ ಕ್ಷೇತ್ರದಲ್ಲಿ ಈಗಾಗಲೇ ಪೈಪೋಟಿ ಜಾಸ್ತಿ. ಮೇಯ್ದದ್ದನ್ನು ಒಳಗಿಟ್ಟುಕೊಂಡು ಬೇಕಾದಾಗ ಮತ್ತೆ ಬಾಯಿಗೆ ತರುವ ‘ಕ್ಯಾಶ್’ ಎಂಬ ಏರ್ಪಾಡಿಗೆ ‘ಮೆಲುಕು’ ಎಂಬ ಪದ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ‘ಆಡು’ ಎಂದರೆ ಮಾತಾಡು, ಆಟವಾಡು ಎಂದೂ ಆಗುವುದರಿಂದ ಗೊಂದಲವಾಗದೇ ಎಂದು ಕೇಳಬಹುದು. ಎಲ್ಲೋ ಒಂದು ಟ್ಯಾಬಿನಲ್ಲಿ ಜಾಹೀರಾತು ತಾನಾಗಿ ಹಾಡಲು ಶುರುಮಾಡಿ, ಯಾವ ಟ್ಯಾಬೆಂದು ತಿಳಿಯದೆ ರಾತ್ರಿ ಹನ್ನೊಂದಕ್ಕೆ ಪರದಾಡಿದವರು ಹಾಗೆ ಕೇಳಲಾರರು.

ಇದೇ ದಾರಿಯಲ್ಲಿ ‘ಕುಕ್ಕಿ’ ಎಂಬುದೂ ಬಿಡಿಸಿಕೊಳ್ಳುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲ್ಲಿ ಇದನ್ನು ಕಂಡುಹಿಡಿದಾಗ ಉದ್ದೇಶ ಸಾಧುವೇ ಆಗಿತ್ತು: ಗಿರಾಕಿ ಬುಟ್ಟಿಯಲ್ಲಿ ಏನಿಟ್ಟಿದ್ದಾನೆಂದು ಅಂಗಡಿಗೆ ನೆನಪಿರಲಿ. ನಮ್ಮ ಕುರಿಗಾಹಿಗಳೂ ತಮ್ಮ ಆಡಿನ ಕಿವಿಗೆ ಗುರುತು ಹಾಕುತ್ತಾರೆ. ಭೇದ ಇಷ್ಟೇ, ಅಲ್ಲಿ ಗುರುತು ಹಾಕುವವನು ಒಡೆಯನೊಬ್ಬ. ಇಲ್ಲಿ ಆಡು ಮೂಸಿ ನೋಡಿದ ಪ್ರತಿಯೊಂದು ಗಿಡವೂ ಅದರ ಕಿವಿಗೊಂದು ಗುರುತು ಹಾಕಿ ಕಳಿಸುತ್ತದೆ. ಹೋದ ದೀಪಾವಳಿಯಲ್ಲಿ ನಾವೊಂದು ಕುಕ್ಕರ್ ಕೊಂಡೆವು. ಆಮೇಲೆ ಮೂರು ವಾರ ಹವಾಮಾನ ನೋಡಿದರೂ ಕುಕ್ಕರ್, ಪಂಚಾಂಗ ನೋಡಿದರೂ ಕುಕ್ಕರ್. ಕುಕ್ಕರ್ ಕೊಂಡವನಿಗೆ ಇನ್ನೊಂದು ಕುಕ್ಕರ್ ಬೇಕಾಗುವುದಿಲ್ಲ ಎಂಬಷ್ಟು ಸಂಸಾರಜ್ಞಾನ ಈ ಗಿಡಗಳಿಗಿಲ್ಲ.

ಇನ್ನು ವಂಶಾವಳಿ. ಆದಿಪುರುಷ ಟಿಮ್ ಬರ್ನರ್ಸ್ ಲೀ, ಸ್ಥಳ ಜಿನೀವಾ ಬಳಿಯ ಸೆರ್ನ್ ಪ್ರಯೋಗಾಲಯ, ಕಾಲ 1990. 1993ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೊಸಾಯಿಕ್ ಹುಟ್ಟಿತು. ಅದನ್ನು ಕಟ್ಟಿದ ಹುಡುಗರಲ್ಲೊಬ್ಬರಾದ ಮಾರ್ಕ್ ಆ್ಯಂಡ್ರೀಸನ್ ಹೊರಬಂದು 1994ರಲ್ಲಿ ನೆಟ್‌ಸ್ಕೇಪ್ ತಂದರು, ಅದರ ಮನೆಯೊಳಗಿನ ಹೆಸರು ಮೊಜಿಲ್ಲಾ. ಅದೇ ಮೊಸಾಯಿಕ್‌ನ ಪರವಾನಗಿ ಪಡೆದು ಮೈಕ್ರೋಸಾಫ್ಟ್ 1995ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ತಂದಿತು. ಆಮೇಲೆ ನಡೆದದ್ದು ದಾಯಾದಿ ಜಗಳ, 1998ರಲ್ಲಿ ಅಮೆರಿಕದ ಸರ್ಕಾರವೇ ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡುವವರೆಗೆ. ಸೋತ ನೆಟ್‌ಸ್ಕೇಪಿನ ಬೂದಿಯಿಂದ ಎದ್ದ ಕೂಸಿಗೆ ಮೂರು ಸಲ ನಾಮಕರಣವಾಯಿತು. ಫೀನಿಕ್ಸ್ ಎಂದರು, ಆ ಹೆಸರಿನವರು ಬೇರೆಯವರಿದ್ದರು. ಫೈರ್‌ಬರ್ಡ್ ಎಂದರು, ಅವರೂ ಇದ್ದರು. 2004ರಲ್ಲಿ ಫೈರ್‌ಫಾಕ್ಸ್ ಎಂದು ನಿಂತಿತು. ಅದು ಕೆಂಪು ಪಾಂಡಾದ ಇನ್ನೊಂದು ಹೆಸರು, ಚಿತ್ರದಲ್ಲಿ ಕಾಣುವುದು ನರಿ. ಆಡಿನ ದೊಡ್ಡಿಗೆ ನರಿ ಬಂದದ್ದು ಹೀಗೆ.

ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು ನಿವೃತ್ತವಾಯಿತು. ದಕ್ಷಿಣ ಕೊರಿಯಾದ ಗ್ಯೊಂಗ್‌ಜು ಪಟ್ಟಣದಲ್ಲಿ ಒಬ್ಬ ಎಂಜಿನಿಯರ್ ಅದಕ್ಕೊಂದು ಸಮಾಧಿಕಲ್ಲು ಕಡೆಸಿ ನಿಲ್ಲಿಸಿದರು. ಬೇರೆ ಬ್ರೌಸರ್ ಇಳಿಸಿಕೊಳ್ಳುವುದಕ್ಕೆ ಇದು ಒಳ್ಳೆಯ ಸಾಧನವಾಗಿತ್ತು ಎಂಬುದು ಶಾಸನದ ತಾತ್ಪರ್ಯ. ಬ್ಯಾಂಕು, ಕಚೇರಿಗಳ ಕೆಲಸವೆಲ್ಲ ಆ್ಯಕ್ಟಿವ್‌ಎಕ್ಸ್ ಇಲ್ಲದೆ ನಡೆಯದಂತಾಗಿ ವರ್ಷಾನುಗಟ್ಟಲೆ ಎಕ್ಸ್‌ಪ್ಲೋರರಿಗೆ ಕಟ್ಟುಬಿದ್ದಿದ್ದ ದೇಶ ಅದು. ಆ ಕಲ್ಲಿನಲ್ಲಿ ಶೋಕ ಎಷ್ಟು, ಬಿಡುಗಡೆ ಎಷ್ಟು ಎಂದು ಶಾಸನತಜ್ಞರೇ ಹೇಳಬೇಕು. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೆಯ ಶತಮಾನದಲ್ಲೇ ಆತಕೂರಿನಲ್ಲಿ ಕಲ್ಲು ನಿಲ್ಲಿಸಿದ ನಾಡು ನಮ್ಮದು; ನಮಗಿದು ಹೊಸದಲ್ಲ. ಆದರೆ ಕಾಳಿ ಸತ್ತ ಮೇಲೆ ಸತ್ತೇ ಇತ್ತು. ಎಕ್ಸ್‌ಪ್ಲೋರರ್ ಮಾತ್ರ ಹಳೆಯ ಸೈಟುಗಳಿಗಾಗಿ ಈಗಲೂ ತನ್ನ ಉತ್ತರಾಧಿಕಾರಿ ಎಡ್ಜ್‌ನ ಮೈಮೇಲೆ ಬರುತ್ತದೆ, ಕನಿಷ್ಠ 2029ರವರೆಗೆ ಬರುತ್ತಿರುತ್ತದೆ ಎಂದು ಮೈಕ್ರೋಸಾಫ್ಟ್ ವಾಗ್ದಾನ ಮಾಡಿದೆ.

ಈಗ ಗೋತ್ರವಿಚಾರ. ಈ ಶಾಸ್ತ್ರದ ತಿರುಳಿರುವುದೇ ಇಲ್ಲಿ. ಬ್ರೌಸರು ಯಾವುದೇ ಸರ್ವರಿನ ಬಾಗಿಲಿಗೆ ಹೋದಾಗ ಮೊದಲು ತನ್ನ ಪ್ರವರ ಹೇಳಿಕೊಳ್ಳುತ್ತದೆ. ಸರ್ವರಿಗೆ ಮಾಡುವ ಈ ಅಭಿವಾದನ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಎಡ್ಜ್ ಹೇಳುವುದನ್ನು ಕಿವಿಗೊಟ್ಟು ಕೇಳಿದರೆ ಹೀಗಿದೆ: ನಾನು ಮೊಜಿಲ್ಲಾ, ಆ್ಯಪಲ್‌ವೆಬ್‌ಕಿಟ್, ಕೆಎಚ್‌ಟಿಎಂಎಲ್, ಗೆಕೋ ತರಹದವನು, ಕ್ರೋಮ್, ಸಫಾರಿ, ಎಡ್ಜ್. ಇದರಲ್ಲಿ ನಿಜ ಕೊನೆಯದೊಂದೇ. ಅದನ್ನು ಹೇಳುವ ಹೊತ್ತಿಗೂ ಉಸಿರು ಸಾಲದೆ ಹೆಸರಿನ ಕೊನೆಯ ಇಂಗ್ಲಿಷ್ ಅಕ್ಷರವನ್ನು ನುಂಗಿಬಿಡುತ್ತದೆ.

ಈ ಸುಳ್ಳು ಬೆಳೆದ ಬಗೆ ಸ್ವಾರಸ್ಯವಾಗಿದೆ. ಮೊದಮೊದಲು ‘ಮೊಜಿಲ್ಲಾ’ ಎಂದವರಿಗೆ ಮಾತ್ರ ಸರ್ವರುಗಳು ಒಳ್ಳೆಯ ಪುಟ ಬಡಿಸುತ್ತಿದ್ದವು, ಉಳಿದವರಿಗೆ ಬರೀ ಗಂಜಿ. ಪಂಕ್ತಿಯಲ್ಲಿ ಕೂರಬೇಕೆಂದು ಎಕ್ಸ್‌ಪ್ಲೋರರ್ ತಾನೂ ಮೊಜಿಲ್ಲಾ ಎಂದಿತು. ಮುಂದೆ ಗೆಕೋ ಎಂಬ ಎಂಜಿನ್ನಿಗೆ ಮರ್ಯಾದೆ ಬಂದಾಗ ಇನ್ನೊಂದು ಎಂಜಿನ್ನಾದ ಕೆಎಚ್‌ಟಿಎಂಎಲ್ ತಾನು ‘ಗೆಕೋ ತರಹದವನು’ ಎಂದಿತು. ಆ ಕೆಎಚ್‌ಟಿಎಂಎಲ್ ಆಧಾರದ ಮೇಲೆ 2003ರಲ್ಲಿ ಆ್ಯಪಲ್ ಕಂಪನಿಯ ಸಫಾರಿ, ಸಫಾರಿಯ ವೆಬ್‌ಕಿಟ್ ಆಧಾರದ ಮೇಲೆ 2008ರಲ್ಲಿ ಗೂಗಲ್ ಕಂಪನಿಯ ಕ್ರೋಮ್, ಕ್ರೋಮ್‌ನ ತಳಹದಿಯಾದ ಕ್ರೋಮಿಯಂ ಮೇಲೆ 2020ರಲ್ಲಿ ಈಗಿನ ಎಡ್ಜ್. ಪ್ರತಿಯೊಬ್ಬನೂ ಹಿಂದಿನವನ ಹೆಸರನ್ನು ಬಿಡದೆ ಹೇಳಿದ, ಎಲ್ಲಿ ಎಲೆ ಎತ್ತಿಬಿಡುತ್ತಾರೋ ಎಂಬ ಭಯದಿಂದ. ಪ್ರವರದಲ್ಲಿ ಐದಕ್ಕಿಂತ ಹೆಚ್ಚು ಋಷಿಗಳನ್ನು ಹೇಳುವಂತಿಲ್ಲ ಎಂಬುದು ಸೂತ್ರಕಾರರ ನಿಯಮ. ಇಲ್ಲಿ ಋಷಿಗಳೇ ಆರು ಮಂದಿ, ವಟು ಬೇರೆ.

ಇಷ್ಟು ತಿಳಿದ ಮೇಲೆ ‘ಆಯ್ಕೆ’ಯ ಮಾತು. ಕ್ರೋಮ್, ಎಡ್ಜ್, ಬ್ರೇವ್, ವಿವಾಲ್ಡಿ, 2013ರಲ್ಲಿ ಸ್ವಂತ ಎಂಜಿನ್ ಕೈಬಿಟ್ಟ ಒಪೇರಾ, ಎಲ್ಲರೂ ಕ್ರೋಮಿಯಂ ಗೋತ್ರದವರು. ಐದು ಮನೆಯ ಜಾತಕ ತರಿಸಿ, ಹಗಲು ರಾತ್ರಿ ಗುಣ ಕೂಡಿಸಿ ನೋಡಿದ ಮೇಲೆ ಐವರೂ ಒಬ್ಬನೇ ತಾತನ ಮೊಮ್ಮಕ್ಕಳೆಂದು ತಿಳಿದ ಹಾಗೆ. ಸ್ವದೇಶಿ ಮಾರ್ಗ ಹಿಡಿಯೋಣವೆಂದರೆ, 2010ರಲ್ಲಿ ನಮ್ಮ ಬೆಂಗಳೂರಿನಲ್ಲೇ ಎಪಿಕ್ ಎಂಬ ಬ್ರೌಸರ್ ಹುಟ್ಟಿತ್ತು. ಭಾರತೀಯ ಭಾಷೆಗಳಲ್ಲಿ ಬರೆಯುವ ಅನುಕೂಲ ಕೊಟ್ಟು, ಫೈರ್‌ಫಾಕ್ಸ್ ಬುನಾದಿಯ ಮೇಲೆ ಕಟ್ಟಿದ್ದು. 2013ರಲ್ಲಿ ಅದೂ ಕ್ರೋಮಿಯಂ ಮನೆಗೆ ದತ್ತು ಹೋಯಿತು. ಕೇಂದ್ರ ಸರ್ಕಾರದ ಸ್ವದೇಶಿ ಬ್ರೌಸರ್ ಸ್ಪರ್ಧೆಯಲ್ಲಿ 2025ರಲ್ಲಿ ಗೆದ್ದ ಜೋಹೋದವರ ‘ಉಲಾ’ದ ಗೋತ್ರವೂ ಅದೇ. ಹೆಸರು ತಮಿಳಿನದು, ಸುತ್ತಾಟ ಎಂದರ್ಥ. ಮೇಯುವ ಅರ್ಥಕ್ಕೆ ಇಷ್ಟು ಹತ್ತಿರ ಬಂದು ತಪ್ಪಿಸಿಕೊಂಡದ್ದಕ್ಕೆ ನಮಗೆ ವ್ಯಥೆಯಿದೆ. ಐಫೋನಿನಲ್ಲಂತೂ ಶುದ್ಧಾದ್ವೈತ: ಯುರೋಪಿನವರಿಗೆ 2024ರಲ್ಲಿ ಸಿಕ್ಕಂಥ ವಿನಾಯಿತಿಗಳನ್ನು ಬಿಟ್ಟರೆ, ಹೊರಗೆ ನರಿಯಿರಲಿ ಬಣ್ಣದ ಬುಗುರಿಯಿರಲಿ, ಒಳಗೆ ಅದೇ ವೆಬ್‌ಕಿಟ್.

ಕನ್ನಡಿಗನಿಗೆ ಒಂದು ಕಾಲದಲ್ಲಿ ಆರಿಸುವುದಕ್ಕೆ ನಿಜವಾದ ಕಾರಣವಿತ್ತು. 2000ದ ಆಸುಪಾಸಿನಲ್ಲಿ ಕನ್ನಡದ ಸುದ್ದಿತಾಣಗಳು ತಮ್ಮ ತಮ್ಮ ಅಕ್ಷರಗಳನ್ನು ಪುಟದ ಜೊತೆಗೇ ಇಳಿಸುತ್ತಿದ್ದವು. ಎಕ್ಸ್‌ಪ್ಲೋರರಿಗೆ ಒಂದು ಬಗೆಯ ಫಾಂಟ್ ಕಡತ, ನೆಟ್‌ಸ್ಕೇಪಿಗೆ ಇನ್ನೊಂದು. ತಪ್ಪು ಬ್ರೌಸರಿನಲ್ಲಿ ತೆರೆದರೆ ತಲೆಯ ಮೇಲೆ ಗೀರೆಳೆದ ಇಂಗ್ಲಿಷ್ ‘ಎ’ಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ‘ನುಡಿ’ ತಂತ್ರಾಂಶದ ಅಕ್ಷರ ಜೋಡಣೆಯಲ್ಲಿ ‘ನ’ ಕೂರುತ್ತಿದ್ದುದು ಪೌಂಡ್ ಚಿಹ್ನೆಯ ಜಾಗದಲ್ಲಿ. ಹೀಗಾಗಿ ‘ಕನ್ನಡ’ ಎಂದು ಬರೆದದ್ದರ ನಟ್ಟನಡುವೆ ಬ್ರಿಟಿಷರ ದುಡ್ಡು ಕಾಣುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಫಾಂಟ್ ಬಂತು, ನಿಧಾನವಾಗಿ ತಾಣಗಳು ಯೂನಿಕೋಡಿಗೆ ಹೊರಳಿದವು. ಆಗೆಲ್ಲ ನಾವು ಬ್ರೌಸರನ್ನು ಪರೀಕ್ಷಿಸುತ್ತಿದ್ದುದು ‘ಅರ್ಥಶಾಸ್ತ್ರ’ ಎಂಬ ಒಂದೇ ಪದದಿಂದ. ಅರ್ಕಾವತ್ತು ಬಲಕ್ಕೆ, ಒತ್ತುಗಳು ಕೆಳಕ್ಕೆ ಕೂತರೆ ತೇರ್ಗಡೆ. ಈಗ ಎಲ್ಲದರಲ್ಲೂ ಕೂರುತ್ತವೆ. ಒಳ್ಳೆಯದೇ ಆಯಿತು, ಆದರೆ ಪಂಡಿತನ ಕೆಲಸ ಹೋಯಿತು.

ಉಳಿದ ಪ್ರಮಾಣಗಳಲ್ಲಿ ಅನುಮಾನವೊಂದು ಗಟ್ಟಿ. ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಕಾಣುವುದರಿಂದ, ಅಡಿಗೆಮನೆಯಂತೆ ಎಂದು ತಾರ್ಕಿಕರು ಹೇಳಿದರಲ್ಲ. ಹಾಗೆಯೇ, ಈ ಲ್ಯಾಪ್‌ಟಾಪಿನಲ್ಲಿ ನಲವತ್ತು ಟ್ಯಾಬ್ ತೆರೆದಿವೆ, ಫ್ಯಾನ್ ಊಳಿಡುವುದರಿಂದ, ನಮ್ಮ ಭಾವನ ಲ್ಯಾಪ್‌ಟಾಪಿನಂತೆ. ಒಂದು ಟ್ಯಾಬ್ ಸತ್ತರೆ ಉಳಿದವು ಸಾಯದಿರಲೆಂದು ಕ್ರೋಮ್ ಅವುಗಳನ್ನು ಬೇರೆ ಬೇರೆ ಸಂಸಾರವಾಗಿ ಇಟ್ಟಿದೆ. ಸಂಸಾರ ಬೇರೆಯಾದ ಮೇಲೆ ಒಲೆಯೂ ಬೇರೆ, ಮೆಮೊರಿ ಖಾಲಿಯಾಗದೆ ಇನ್ನೇನು?

ಗುಟ್ಟಿನ ವಿಷಯಕ್ಕೆ ಬಂದರೆ, ಇನ್‌ಕಾಗ್ನಿಟೋ ಎಂಬ ಅಜ್ಞಾತವಾಸವನ್ನು ಜನ ಅತಿಯಾಗಿ ನಂಬಿದ್ದಾರೆ. ಅದು ಮರೆಮಾಡುವುದು ಮುಖ್ಯವಾಗಿ ನಿಮ್ಮ ಮನೆಯವರಿಂದ. ಆಫೀಸಿನ ನೆಟ್‌ವರ್ಕು, ಇಂಟರ್ನೆಟ್ ಕೊಡುವವರು, ಹೋದ ತಾಣ, ಇವರೆಲ್ಲರಿಗೂ ಬೃಹನ್ನಳೆಯ ಸೀರೆಯೊಳಗಿಂದ ಗಾಂಡೀವ ಕಾಣುತ್ತಲೇ ಇರುತ್ತದೆ. ಈ ಕುರಿತು 2020ರಲ್ಲಿ ಅಮೆರಿಕದಲ್ಲಿ ಮೊಕದ್ದಮೆಯಾಗಿ, 2024ರಲ್ಲಿ ಗೂಗಲ್ ತಾನು ಕಲೆಹಾಕಿದ್ದ ದಾಖಲೆಗಳನ್ನು ಅಳಿಸಲು ಒಪ್ಪಿತು. ಜಾಹೀರಾತು ಮಾರುವವರೇ ಬ್ರೌಸರನ್ನೂ ಕೊಟ್ಟರೆ, ಬೇಲಿಯೇ ಎದ್ದು ಹೊಲ ಮೇಯಿತೆಂದು ದೂರುವ ಹಾಗೂ ಇಲ್ಲ. ಮೇಯುವುದಕ್ಕೆಂದೇ ನೆಟ್ಟ ಬೇಲಿ ಅದು.

ಇಲ್ಲೊಂದು ತೊಡಕು ಎದುರಾಯಿತು. ಆ್ಯಪಲ್ ಫೋನುಗಳಲ್ಲಿ ತನ್ನ ಹುಡುಕಾಟವೇ ಮೊದಲು ಬರಲೆಂದು ಗೂಗಲ್ 2022ರಲ್ಲಿ ಆ್ಯಪಲ್‌ಗೆ ಕೊಟ್ಟದ್ದು 20 ಶತಕೋಟಿ ಡಾಲರ್ ಎಂದು ನ್ಯಾಯಾಲಯದ ಕಡತಗಳಿಂದ ಹೊರಬಿತ್ತು. ಎದುರಾಳಿ ಗೋತ್ರದ ಫೈರ್‌ಫಾಕ್ಸ್ ಮನೆಯ ಒಲೆ ಉರಿಯುವುದೂ ಬಹುಪಾಲು ಗೂಗಲ್ ಕೊಡುವ ಸೌದೆಯಿಂದಲೇ. ಆಡಿಗಾಗಿ ಯಾರಾದರೂ ಇಷ್ಟು ದುಡ್ಡು ಸುರಿಯುತ್ತಾರೆಯೇ? ಆಡು ಯಾರೆಂಬ ಸಂದೇಹ ಆಗ ಹುಟ್ಟಿತು. ನಮ್ಮ ಪಾಸ್‌ವರ್ಡುಗಳನ್ನು ಎಣಿಸಿ ನೋಡಿದೆವು: ಒಂದೇ ಬ್ರೌಸರಿನಲ್ಲಿ ನೂರ ಹದಿನೇಳು. ಕರೆಂಟ್ ಬಿಲ್ಲು, ಎಲ್‌ಐಸಿ, ರೈಲು, ಮಗಳ ಕಾಲೇಜು. ಒಂದನ್ನೂ ನಾವು ಬಾಯಿಪಾಠ ಮಾಡಿಲ್ಲ. ಆ ಬ್ರೌಸರ್ ಬಿಡುವ ಯೋಚನೆ ಬಂದಾಗಲೆಲ್ಲ ಕುತ್ತಿಗೆಯ ಹತ್ತಿರ ಏನೋ ಎಳೆದ ಹಾಗಾಗುತ್ತದೆ. ಗೂಟ ಹೊಡೆದದ್ದು ಯಾರೋ ತಿಳಿಯದು; ಅಕ್ಕನ ಮಗನೇ ಇರಬೇಕು.

ಈ ಹಂತದಲ್ಲಿ ಶಾಸ್ತ್ರ ನಿಂತಿತು, ಏಕೆಂದರೆ ಒಂದು ಅರ್ಜಿ ತುಂಬಬೇಕಿತ್ತು. ಯಾವ ಕಚೇರಿಯದೆಂದು ಹೇಳುವುದು ಬೇಡ. ನಮ್ಮ ಬ್ರೌಸರಿನಲ್ಲಿ ಸಬ್ಮಿಟ್ ಗುಂಡಿ ಬೂದುಬಣ್ಣಕ್ಕೆ ತಿರುಗಿ ಕೂತಿತು. ಫೈರ್‌ಫಾಕ್ಸಿನಲ್ಲಿ ಗುಂಡಿಯೇ ಇರಲಿಲ್ಲ. ಕೊನೆಗೆ ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರಿಗೆ ಹೋದೆವು. ಅಲ್ಲಿಯ ಹುಡುಗನ ಪರದೆಯ ಕೆಳಗೆ ನಾಲ್ಕು ಬ್ರೌಸರುಗಳು ಸಾಲಾಗಿದ್ದವು. ಪಹಣಿಗೆ ಒಂದು, ಸ್ಕಾಲರ್‌ಶಿಪ್ಪಿಗೆ ಒಂದು, ಡಿಜಿಟಲ್ ಸಹಿ ಕೇಳುವ ಕಡೆಗೆ ಒಂದು, ನಾಲ್ಕನೆಯದು ಮೂರೂ ಕೈಕೊಟ್ಟಾಗ. ನಮ್ಮ ಫೋಟೋವನ್ನು 50 ಕೆಬಿಗೆ ಇಳಿಸುತ್ತಿದ್ದವನನ್ನು ಕೇಳಿದೆವು: “ಇಷ್ಟರಲ್ಲಿ ನಿನಗೆ ಇಷ್ಟವಾದ್ದು ಯಾವುದಪ್ಪ?”

ಅವನು ತಿರುಗಿ ನೋಡಲಿಲ್ಲ. “ಯಾವ್ದ್ರಲ್ಲಿ ಸಬ್ಮಿಟ್ ಆಗುತ್ತೋ ಅದು ಸಾರ್. ಓಟಿಪಿ ಬಂತಾ ನೋಡಿ.”

ಬಂದಿತ್ತು. ಹೇಳಿದೆವು. ನಲವತ್ತು ರೂಪಾಯಿ, ಪ್ರಿಂಟ್ ಸೇರಿ.