ಈ ಸಲ ಏನು ಬಿಟ್ಟಿರಿ?

ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವಾಗ ನಮ್ಮವರು ಒಬ್ಬರನ್ನೊಬ್ಬರು ಕೇಳುವುದು ಒಂದೇ ಪ್ರಶ್ನೆ: "ಈ ಸಲ ಏನು ಬಿಟ್ಟಿರಿ?" ಒಳಗೆ ಆಗಷ್ಟೇ ಓದಿದ್ದು ಮತ್ತಾಯನ ಶುಭಸಂದೇಶ. ಉಪವಾಸ ಇರುವಾಗ ಮುಖ ಬಾಡಿಸಿಕೊಂಡು ಓಡಾಡಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ, ನೀವು ಹಸಿದಿರುವುದು ಮಂದಿಗೆ ಗೊತ್ತಾಗಬಾರದು ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ಹೇಳಿದ್ದಾರೆ. ಅದಕ್ಕೆ ತಲೆದೂಗಿ, ಸಾಲಿನಲ್ಲಿ ನಿಂತು ಹಣೆಗೆ ಬೂದಿ ಹಚ್ಚಿಸಿಕೊಂಡು, ಬೆವರಿಗೆ ಅದು ಅಳಿಸದಂತೆ ಜೋಪಾನ ಮಾಡುತ್ತ ಮಾರ್ಕೆಟ್ ರಸ್ತೆಯಲ್ಲೇ ಮನೆಗೆ ನಡೆಯುತ್ತೇವೆ.

2018ರಲ್ಲಂತೂ ಶಿವರಾತ್ರಿ ಫೆಬ್ರವರಿ 13ಕ್ಕೆ, ನಮ್ಮ ವಿಭೂತಿ 14ಕ್ಕೆ. ತರಕಾರಿ ಗಾಡಿಯವನು ನನ್ನ ಹಣೆ ನೋಡಿ, "ಜಾಗರಣೆ ಚೆನ್ನಾಗಾಯ್ತಾ ಅಮ್ಮ?" ಎಂದ. "ಆಯ್ತಪ್ಪ" ಅಂದೆ. ಇದು ಹೋದ ವರ್ಷದ ಗರಿಗಳ ಭಾನುವಾರದ ಒಣಗರಿ ಸುಟ್ಟು ಮಾಡಿದ ಬೂದಿ ಎಂದು ಪಾಠ ಮಾಡುತ್ತ ನಿಂತರೆ ಬೀನ್ಸ್ ಬೆಲೆಯೇನೂ ಇಳಿಯುವುದಿಲ್ಲವಲ್ಲ. ಅದೇ ದಿನ ಪ್ರೇಮಿಗಳ ದಿನವೂ ಆಗಿತ್ತು. ಈಸ್ಟರ್ ಬಂದದ್ದು ಏಪ್ರಿಲ್ 1ಕ್ಕೆ. ಪ್ರೇಮಿಗಳ ದಿನ ಶುರುವಾಗಿ ಮೂರ್ಖರ ದಿನ ಮುಗಿದ ಆ ತಪಸ್ಸುಕಾಲದಲ್ಲೇ ನಾನು ಕಾಫಿ ಬಿಟ್ಟದ್ದು.

ಧರ್ಮಸಭೆ ನಮ್ಮಿಂದ ಕೇಳುವುದು ನಿಜಕ್ಕೂ ಬಹಳ ಕಡಿಮೆ. ಕಡ್ಡಾಯ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನವೂ ಒಂದು ಪೂರ್ತಿ ಊಟ ಮಾಡಬಹುದು, ಬೆಳಿಗ್ಗೆ ಸಂಜೆ ಒಂದಿಷ್ಟು ಬಾಯಾಡಿಸಬಹುದು. ಹದಿನೆಂಟು ತುಂಬಿದವರಿಗೆ ಮಾತ್ರ ಈ ನಿಯಮ. ಐವತ್ತೊಂಬತ್ತು ತುಂಬಿತೋ, ಬಿಡುಗಡೆ. ಮೇಷ್ಟ್ರುಗಳಾದ ನಮಗೆ ಕರ್ನಾಟಕ ಸರ್ಕಾರ ಅರವತ್ತಕ್ಕೆ ಕೊಡುವ ನಿವೃತ್ತಿಯನ್ನು ಧರ್ಮಸಭೆ ಒಂದು ವರ್ಷ ಮುಂಚೆಯೇ ಕೊಟ್ಟುಬಿಡುತ್ತದೆ. ಹಾಗೆ ನೋಡಿದರೆ ಆ ವರ್ಷಕ್ಕಾಗಲೇ ನಾನು ಉಪವಾಸದಿಂದ ನಿವೃತ್ತೆ. ನಮ್ಮಜ್ಜಿಯ ಕಾಲದಲ್ಲಿ ತಪಸ್ಸುಕಾಲವೆಂದರೆ ಭಾನುವಾರ ಬಿಟ್ಟು ದಿನಾ ಉಪವಾಸ. 1966ರಲ್ಲಿ ಆರನೆಯ ಪೌಲ್ ಪೋಪರು ಅದನ್ನು ಸಡಿಲಿಸಿ, ಮಿಕ್ಕ ತಪಸ್ಸನ್ನು ಪ್ರಾರ್ಥನೆ, ದಾನ, ತ್ಯಾಗದ ರೂಪದಲ್ಲಿ ನಮ್ಮ ನಮ್ಮ ವಿವೇಕಕ್ಕೆ ಬಿಟ್ಟರು. ನಮ್ಮ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಎದುರು ಮನೆ ಅಜ್ಜಿಗೆ ಈ ತಾಪತ್ರಯವೇ ಇಲ್ಲ. ಅವರು ಮಾಧ್ವರು. ಆಷಾಢದಲ್ಲಿ ಚಾತುರ್ಮಾಸ್ಯ ಹಿಡಿದರೆ ಮೊದಲ ತಿಂಗಳು ಶಾಕವ್ರತ, ತರಕಾರಿ ಇಲ್ಲ. ಎರಡನೆಯ ತಿಂಗಳು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳಿಲ್ಲ. ಸಿಲಬಸ್ ಪ್ರಕಾರ ಪಾಠ, ಸಿಲಬಸ್ ಪ್ರಕಾರ ಪರೀಕ್ಷೆ. ನಮ್ಮಲ್ಲಿ ಏನು ಬಿಡಬೇಕೆಂದು ಅವರವರೇ ಆರಿಸಿಕೊಳ್ಳಬೇಕು ಎಂದಾಗ ಅಜ್ಜಿ ಬೆರಗಾಗಿ ಕೇಳಿದ್ದರು: "ಅಯ್ಯೋ, ಅವರವರಿಗೇ ಬಿಟ್ಟರೆ ಯಾರಾದರೂ ಹಾಗಲಕಾಯಿ ಬಿಟ್ಟೆ ಅಂತಾರಲ್ಲಮ್ಮ!"

ಅಂಥವರೂ ಇದ್ದಾರೆ. ಆದರೆ ನಾನು ಅಭ್ಯರ್ಥಿಗಳನ್ನು ಒಂದೊಂದಾಗಿ, ಪ್ರಾಮಾಣಿಕವಾಗಿ ಪರಿಶೀಲಿಸಿದವಳು. ಮೊದಲನೆಯದು ಮಾಂಸ. ಇದರ ತೊಡಕೆಂದರೆ ಮೀನಿಗೆ ಅಡ್ಡಿಯಿಲ್ಲ. ಮಂಗಳೂರಿನಿಂದ ಬಂದ ನನ್ನ ಓರಗಿತ್ತಿ ಒಂದು ಶುಕ್ರವಾರ ಪ್ರಾಯಶ್ಚಿತ್ತವೆಂದು ಅಂಜಲ್ ರವಾ ಫ್ರೈ ಮಾಡಿ ಬಡಿಸಿದಳು. ನಮ್ಮ ಯಜಮಾನರು ಕಣ್ಣು ಮುಚ್ಚಿಕೊಂಡು ತಿಂದರು. ಪಶ್ಚಾತ್ತಾಪಕ್ಕೋ ರುಚಿಗೋ, ನಾನು ಕೇಳಲಿಲ್ಲ. ಈ ಮೀನಿನ ವಿಷಯದಲ್ಲಿ ಪ್ರಪಂಚವೆಲ್ಲ ಒಂದೇ. ವೆನೆಜುವೆಲಾದವರು ನೀರಿನಲ್ಲಿ ಈಜುತ್ತದೆಂಬ ನೆಪದ ಮೇಲೆ ಕ್ಯಾಪಿಬಾರ ಎಂಬ ದೈತ್ಯ ಮೂಷಿಕವನ್ನು ಮೀನಿನ ಲೆಕ್ಕಕ್ಕೆ ಸೇರಿಸಿಕೊಂಡು ತಪಸ್ಸುಕಾಲದಲ್ಲಿ ತಿನ್ನುತ್ತಾರೆ. 2010ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸಿನ ಮಹಾಧರ್ಮಾಧ್ಯಕ್ಷರು, ಅಲ್ಲಿನ ಆಲಿಗೇಟರ್ ಮೊಸಳೆಯೂ ಮೀನಿನ ಕುಟುಂಬದ್ದೆಂದೇ ಎಣಿಸಬಹುದು ಎಂದು ವಿಶ್ವಾಸಿಯೊಬ್ಬರಿಗೆ ಪತ್ರ ಬರೆದು ತಿಳಿಸಿದರು. ಮೊಸಳೆ ತಿಂದು ದೇಹದಂಡನೆ ಮಾಡಿಕೊಳ್ಳಬಹುದಾದರೆ ಮಾಂಸ ಬಿಟ್ಟು ಪ್ರಯೋಜನವಿಲ್ಲ. ಸಿಹಿ ಬಿಡೋಣವೆಂದರೆ ಡಾಕ್ಟರು ಮೊದಲೇ ಬಿಡಿಸಿದ್ದರು. ಆ ಪುಣ್ಯ ಅವರ ಖಾತೆಗೆ. ಯಜಮಾನರು ಹಿಂದೊಮ್ಮೆ ಟೀವಿಯ ರಾತ್ರಿ ಚರ್ಚೆ ಬಿಟ್ಟಿದ್ದರು. ಈಸ್ಟರಿನವರೆಗೆ ಆ ಚರ್ಚೆಯನ್ನೆಲ್ಲ ನನ್ನ ಜೊತೆ ಮಾಡಿದರು.

ಇಷ್ಟರಲ್ಲಿ ಬುಧವಾರ ಬಂತು, ಮೆಟ್ಟಿಲು ಬಂತು. ಗಾನವೃಂದದಲ್ಲಿ ನನ್ನ ಪಕ್ಕ ನಿಲ್ಲುವಾಕೆ ಬಂದರು. "ನಾನು ಸೀರಿಯಲ್ ಬಿಟ್ಟೆ ಟೀಚರ್. ನೀವು?" ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಮೂವತ್ತು ವರ್ಷ ಪಾಠ ಮಾಡಿದವಳಿಗೆ ಉತ್ತರ ಗೊತ್ತಿಲ್ಲವೆಂದು ಒಪ್ಪುವ ಅಭ್ಯಾಸವೂ ಇಲ್ಲ. "ಕಾಫಿ" ಅಂದುಬಿಟ್ಟೆ. ಆಕೆ ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡರು. "ಕಾಫೀನಾ? ಮೈಸೂರಲ್ಲಿದ್ದುಕೊಂಡು?" ಆ ಕಣ್ಣುಗಳಲ್ಲಿ ಕಂಡ ಗೌರವ ನನ್ನ ಬೀಳ್ಕೊಡುಗೆ ಸಮಾರಂಭದಲ್ಲೂ ಕಂಡಿರಲಿಲ್ಲ. ಅದಕ್ಕಾಗಿ ಏನನ್ನು ಬೇಕಾದರೂ ಬಿಡಬಹುದು ಅನ್ನಿಸಿತು. ಗುರುವಾರ ಬೆಳಿಗ್ಗೆ ಆರಕ್ಕೆ ಆ ಅನ್ನಿಸಿಕೆ ಹೋಯಿತು.

ತಲೆನೋವಿನ ವಿವರ ಬೇಡ. ಶುಕ್ರವಾರ ಪೂಜೆಯಲ್ಲಿ ಓದಿದ್ದು ಯೆಶಾಯ ಪ್ರವಾದಿಯ ಐವತ್ತೆಂಟನೆಯ ಅಧ್ಯಾಯ. ಉಪವಾಸದ ದಿನವೇ ಜಗಳವಾಡುವವರನ್ನು, ಆಳುಗಳನ್ನು ಗೋಳುಹೊಯ್ದುಕೊಳ್ಳುವವರನ್ನು ಪ್ರವಾದಿ ಅಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಯಜಮಾನರು ಕತ್ತು ತಿರುಗಿಸದೆ, ಮೊಣಕೈಯಿಂದ ಮಾತ್ರ ನನ್ನನ್ನು ಮುಟ್ಟಿದರು.

ಶನಿವಾರ ಮಧ್ಯಾಹ್ನ ಸಂಶೋಧನೆಗೆ ಕುಳಿತೆ. ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ. ತಪಸ್ಸುಕಾಲ 40 ದಿನ. ಮಿಕ್ಕ ಆರು ದಿನ ಭಾನುವಾರಗಳು, ಅವು ಪುನರುತ್ಥಾನದ ದಿನಗಳು, ಆವತ್ತು ಉಪವಾಸವಿಲ್ಲ. ಅಂದರೆ ಭಾನುವಾರ ಕಾಫಿ ಕುಡಿಯಬಹುದು! ಮಾತ್ರವಲ್ಲ, ಕುಡಿಯದಿದ್ದರೆ ಪುನರುತ್ಥಾನಕ್ಕೆ ಅಗೌರವ ತೋರಿದ ಹಾಗೂ ಆದೀತು. ಜೊತೆಗೆ, ಶನಿವಾರ ಸಂಜೆಯ ಪೂಜೆ ಭಾನುವಾರದ ಪೂಜೆಗೆ ಸಮ ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಪೂಜೆಗೆ ಭಾನುವಾರವಾದದ್ದು ಕಾಫಿಗೆ ಯಾಕಾಗಬಾರದು? ನಮ್ಮ ಚರ್ಚಿನಲ್ಲಿ ಶನಿವಾರದ ಪೂಜೆ ಆರಕ್ಕೆ. ಐದೂಕಾಲಿಗೆ ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಹುಯ್ದು, ಮುಚ್ಚಳ ಮುಚ್ಚಿ, ಅಡುಗೆಮನೆಯ ಗಡಿಯಾರದ ಕೆಳಗೆ ಸ್ಟೂಲು ಹಾಕಿಕೊಂಡು ಕುಳಿತೆ.

ಯಜಮಾನರು ಬಾಗಿಲಲ್ಲಿ ನಿಂತರು. ನಿವೃತ್ತ ಬ್ಯಾಂಕ್ ಅಧಿಕಾರಿ. ದಿನ ಬದಲಾಗುವುದು ರಾತ್ರಿ ಹನ್ನೆರಡಕ್ಕೆ ಎಂಬುದು ಅವರ ಅಚಲ ವಿಶ್ವಾಸ. "ಐದೂಕಾಲಿಗೆ ಯಾವ ಭಾನುವಾರ?" ಎಂದರು. ಬೈಬಲ್ಲಿನ ಮೊದಲ ಪುಟದಲ್ಲೇ ಸಂಜೆ ಮೊದಲು, ಬೆಳಿಗ್ಗೆ ಆಮೇಲೆ ಬರುತ್ತದೆ, ದಿನ ಶುರುವಾಗುವುದೇ ಸಂಜೆಗೆ ಎಂದೆ. "ಹಾಗಾದರೆ ನಾಳೆ ಸಂಜೆ ಆರಕ್ಕೆ ಮುಗಿಯುತ್ತಾ? ನಾಳೆ ರಾತ್ರಿಯ ಕಾಫಿ ಇಲ್ಲ ತಾನೆ?" ಈ ಮನುಷ್ಯನ ಕೈಯಲ್ಲಿ ಎಷ್ಟು ಬಡಪಾಯಿಗಳ ಸಾಲದ ಅರ್ಜಿ ಸತ್ತಿರಬಹುದು ಎಂದು ನನಗೆ ಆಗ ಅರ್ಥವಾಯಿತು. ಭಾನುವಾರ ಶುರುವಾಗುವುದು ಶನಿವಾರ ಸಂಜೆ, ಮುಗಿಯುವುದು ಭಾನುವಾರ ಮಧ್ಯರಾತ್ರಿ, ದೊಡ್ಡ ದಿನ ಅದು ಎಂದು ತೀರ್ಪು ಕೊಟ್ಟೆ.

ಆ ಹೊತ್ತಿಗೆ ಕರಿಬೇವು ಕೇಳಿಕೊಂಡು ಎದುರು ಮನೆ ಅಜ್ಜಿ ಬಂದರು. ವಿಷಯ ಕೇಳಿದ್ದೇ ಕರಿಬೇವು ಮರೆತರು. "ನಮ್ಮಲ್ಲಿ ದಿನ ಅಂದರೆ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ನಿನ್ನ ಭಾನುವಾರ ನಾಳೆ ಆರೂ ಮುಕ್ಕಾಲಿಗೇ ಕಣಮ್ಮ" ಎಂದರು. ನನ್ನ ಮುಖ ನೋಡಿ ಕನಿಕರವಾಯಿತೇನೋ, ಮನೆಗೆ ಹೋಗಿ ಮಠದ ಪಂಚಾಂಗವನ್ನೇ ತಂದರು. ಏಕಾದಶಿ ಉಪವಾಸ ಮಾಡಿದವರು ದ್ವಾದಶಿ ಬೆಳಿಗ್ಗೆ ಎದ್ದ ಕೂಡಲೆ ಊಟಕ್ಕೆ ಕೂರುವ ಹಾಗಿಲ್ಲ, ಹರಿವಾಸರ ಕಳೆಯಬೇಕು. ದ್ವಾದಶಿ ಅಲ್ಪವಾಗಿದ್ದರೆ ನಸುಕಿಗೇ ಎದ್ದು ಪಾರಣೆ ಮುಗಿಸಬೇಕು ಎಂದು ವಿವರಿಸಿದರು. ಉಪವಾಸ ಮುರಿಯುವುದಕ್ಕೂ ಇಷ್ಟು ಶಾಸ್ತ್ರವಿರುವುದು ಕಂಡು ನನಗೆ ಅಸೂಯೆಯಾಯಿತು. ಸೂರ್ಯಾಸ್ತ ಆರೂವರೆ ಎಂದಿತ್ತು ಪಂಚಾಂಗ. ಚರ್ಚಿನ ಗಂಟೆ ಆರಕ್ಕೆ. ನಡುವಿನ ಅರ್ಧ ಗಂಟೆ ಯಾರದು? ಮೂವರೂ ಗಂಭೀರವಾಗಿ ಚರ್ಚಿಸಿದೆವು. ನಾನು ಹದಿನೇಳನೆಯ ಶತಮಾನದ ಕಾರ್ಡಿನಲ್ ಬ್ರಾಂಕಾಚಿಯೋ ಅವರನ್ನು ಸಾಕ್ಷಿಗೆ ಕರೆದೆ. ಕುಡಿಯುವ ಚಾಕೊಲೇಟು ಉಪವಾಸ ಮುರಿಯುತ್ತದೆಯೇ ಎಂದು ಯುರೋಪು ಕಚ್ಚಾಡುತ್ತಿದ್ದಾಗ, ದ್ರವದಿಂದ ಉಪವಾಸ ಮುರಿಯುವುದಿಲ್ಲ ಎಂದು ವಾದಿಸಿದ ಪುಣ್ಯಾತ್ಮ ಅವರು. "ಹಾಗಿದ್ದ ಮೇಲೆ ನೀನು ಕಾಫಿ ಬಿಟ್ಟದ್ದಾದರೂ ಯಾಕೆ?" ಎಂದರು ಯಜಮಾನರು. ಹಾಲು ಉಕ್ಕಿತು. ಒಲೆ ಒರೆಸಿ ಮತ್ತೆ ಹಾಲಿಟ್ಟೆ. ಡಿಕಾಕ್ಷನ್ನಿನ ಪರಿಮಳ ನಡುಮನೆಯವರೆಗೂ ಹೋಗಿತ್ತು.

ಅಜ್ಜಿ ಪಂಚಾಂಗ ಮಡಚಿದರು. "ನೋಡಮ್ಮ, ಮೂರು ದಿನದಿಂದ ಕಾಫಿ ಬಿಟ್ಟೆ ಅಂತೀಯ. ಈ ಮೂರು ದಿನ ನೀನು ಕಾಫಿಯನ್ನು ಹಿಡಿದುಕೊಂಡ ಹಾಗೆ ನಾನು ದೇವರನ್ನೂ ಹಿಡಿದುಕೊಂಡಿಲ್ಲ. ನನಗಂತೂ ಇವತ್ತು ಯಾವ ವ್ರತವೂ ಇಲ್ಲ. ಬೆರೆಸು." ಮಡಿ ಬೆಳಗಿನದು, ಸಂಜೆಯ ಕಾಫಿಗೆ ಮಡಿಯಿಲ್ಲ ಎಂಬುದು ಅಜ್ಜಿಯ ಸ್ವಂತ ಸ್ಮೃತಿ. ಚರ್ಚಿನ ಗಂಟೆ ಹೊಡೆಯುವುದಕ್ಕೆ ಹತ್ತು ನಿಮಿಷ ಮುಂಚೆ ಅವರು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ನೊರೆಯೆಬ್ಬಿಸಿ, ಸೊರ್ ಎಂದು ಹೀರಿ, "ಚಿಕೋರಿ ಒಂದು ಚೂರು ಜಾಸ್ತಿ" ಎಂದರು. ಯಜಮಾನರೂ ಒಂದು ಲೋಟ ಹಿಡಿದರು. ನಾನು ಆರೂವರೆಯವರೆಗೆ ಕಾದೆ. ಅಷ್ಟರಲ್ಲಿ ಡಿಕಾಕ್ಷನ್ ತಳ ಕಂಡಿತ್ತು.

ಮುಂದಿನ ವಾರಗಳು ಹೇಗೋ ಉರುಳಿದವು. ಗಾನವೃಂದದಾಕೆ ಪ್ರತಿ ಭಾನುವಾರ "ಇನ್ನೂ ಬಿಟ್ಟಿದ್ದೀರಾ?" ಎಂದು ಜೋರಾಗಿ ಕೇಳುತ್ತಿದ್ದರು. ಈಗೀಗ ಇನ್ನೂ ವಿಚಿತ್ರ: ವಾಟ್ಸ್ಯಾಪ್ ಬಿಡುವುದನ್ನು ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲೇ ಹಾಕಿ, ಯಾರು ಯಾರು ನೋಡಿದರೆಂದು ದಿನಕ್ಕೆ ಹತ್ತು ಸಲ ತೆರೆದು ನೋಡುವವರಿದ್ದಾರೆ. ಬಿಟ್ಟದ್ದನ್ನು ಹೇಳಿಕೊಳ್ಳುವ ಚಪಲ ಬಿಡುವವರು ಮಾತ್ರ ನನಗೆ ಸಿಕ್ಕಿಲ್ಲ. ಸಿಕ್ಕರೂ ಅವರು ಹೇಳುವುದಿಲ್ಲವಲ್ಲ.

2020ರ ವಿಭೂತಿ ಬುಧವಾರ ಫೆಬ್ರವರಿ 26ಕ್ಕೆ ಬಿತ್ತು. ಟೀವಿ ಆರಿಸಿ, ಮೊಬೈಲು ಬದಿಗಿಡಿ, ಬೈಬಲ್ ತೆರೆಯಿರಿ ಎಂದು ಪೋಪ್ ಫ್ರಾನ್ಸಿಸ್ ಆವತ್ತು ಕೇಳಿಕೊಂಡರು. ತಿಂಗಳು ತುಂಬುವುದರೊಳಗೆ ಮಾರ್ಚ್ 25ರ ಲಾಕ್‌ಡೌನ್ ಬಂದು, ಪೂಜೆಯೇ ಮೊಬೈಲಿನೊಳಗೆ ಸೇರಿತು. ಮಾರ್ಚ್ 27ರ ಶುಕ್ರವಾರ ಅದೇ ಪೋಪರು ಮಳೆಯಲ್ಲಿ, ಖಾಲಿ ಬಿದ್ದ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತು ಪ್ರಾರ್ಥಿಸಿದ್ದನ್ನು ನಾವು ಆ ಮೊಬೈಲಿನಲ್ಲೇ ನೋಡಿದೆವು. ಅದೇ ವಾರ ಹೆದ್ದಾರಿಗಳಲ್ಲಿ ಗಂಟು ಹೊತ್ತು, ಮಕ್ಕಳನ್ನು ಎತ್ತಿಕೊಂಡು ಊರಿಗೆ ನಡೆಯುತ್ತಿದ್ದವರನ್ನೂ ನೋಡಿದೆವು. ಏನು ಬಿಡುತ್ತೀರಿ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಏನನ್ನಾದರೂ ಆರಿಸಿ ಬಿಡುವುದಕ್ಕೆ ಮೊದಲು ಮನೆಯಲ್ಲಿ ಅದು ಇರಬೇಕು. ಆ ವರ್ಷ ನಾನು ಏನನ್ನೂ ಬಿಡಲಿಲ್ಲ. ತಿಂಗಳ ಕಾಫಿಪುಡಿಯ ದುಡ್ಡಿಗೆ ಅಕ್ಕಿ ತರಿಸಿ, ಊಟ ಹಂಚುತ್ತಿದ್ದ ಹುಡುಗರಿಗೆ ಕೊಟ್ಟೆ. ಇದ್ದ ಪುಡಿ ಮುಗಿಯುವವರೆಗೆ ಕಾಫಿ ಕುಡಿದೆ.

ಈಗ ನಾನು ಆರಿಸುವುದನ್ನೇ ಕೈಬಿಟ್ಟಿದ್ದೇನೆ. ಬಿಡುವವರು ನಾವು, ಅನುಭವಿಸುವವರು ಮನೆಮಂದಿ ಅಂದಮೇಲೆ ಆಯ್ಕೆಯೂ ಅವರದೇ ಆಗಲಿ ಎಂದು ಯಜಮಾನರನ್ನು ಕೇಳಿದೆ. ಒಂದು ಕ್ಷಣವೂ ಯೋಚಿಸಲಿಲ್ಲ. "ನಾನು ಮಾತಾಡ್ತಿರುವಾಗ ಮಧ್ಯೆ ಬಾಯಿ ಹಾಕಿ ತಿದ್ದೋದು ಬಿಡು" ಎಂದರು. ಎಷ್ಟು ವರ್ಷದಿಂದ ಸಿದ್ಧವಾಗಿತ್ತೋ ಆ ವಾಕ್ಯ! ವ್ಯಾಕರಣದೋಷವೂ ಇರಲಿಲ್ಲ. ಕಾಫಿಗಿಂತ ನೂರು ಪಾಲು ಕಠಿಣ ವ್ರತ ಅದು. ಅದಕ್ಕೆ ಭಾನುವಾರದ ರಿಯಾಯಿತಿಯನ್ನೂ ಅವರು ಕೊಟ್ಟಿಲ್ಲ.

ಆದ್ದರಿಂದ ತಪಸ್ಸುಕಾಲವಾಗಲಿ, ಚಾತುರ್ಮಾಸ್ಯವಾಗಲಿ, ರಂಜಾನಾಗಲಿ, ನಿಮ್ಮದು ಯಾವುದೇ ಇರಲಿ, ಏನು ಬಿಡುವುದೆಂದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಜೊತೆ ಒಂದೇ ಸೂರಿನಡಿ ಇರುವವರನ್ನು ಕೇಳಿ, ಅವರು ಹೇಳಿದ್ದನ್ನು ಬಿಡಿ. ಉಳಿದ ದುಡ್ಡು ಯಾರ ಕೈ ಸೇರಬೇಕೋ ಸೇರಿಸಿ. ಕೇಳುವ ಮುಂಚೆ ಮಾತ್ರ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ಪಟ್ಟಿ ಉದ್ದ ಇರುತ್ತದೆ.