ತುಲನಾಚಾರ್ಯರು

ಬೆಂಗಳೂರಿನಲ್ಲಿ ಬಡಾವಣೆಗೊಬ್ಬರು, ಸಾಫ್ಟ್‌ವೇರ್ ಕಚೇರಿಯ ಮಹಡಿಗೊಬ್ಬರು, ಮದುವೆಮನೆಯ ಪಂಕ್ತಿಗೊಬ್ಬರು ತುಲನಾಚಾರ್ಯರು ಇದ್ದೇ ಇರುತ್ತಾರೆ. ಅವರ ಶಾಸ್ತ್ರ ಗ್ರಾಫಿಕ್ಸ್ ಕಾರ್ಡು. "ಮಾವ, ಮಗನಿಗೆ ಕಂಪ್ಯೂಟರ್ ಕೊಡಿಸ್ತಿದ್ದೀರಂತೆ? ಏನು ಬೇಕಾದ್ರೂ ತಗೊಳ್ಳಿ, 4060 ಮಾತ್ರ ಬೇಡ" ಎಂದು ಪಾಯಸ ಬಡಿಸುವಾಗ ಶುರುವಿಟ್ಟುಕೊಂಡರೆ, ಮಜ್ಜಿಗೆ ಬರುವ ಹೊತ್ತಿಗೆ ಮೆಮೊರಿ ಬಸ್ಸಿನ ಅಗಲದವರೆಗೆ ಬಂದಿರುತ್ತಾರೆ. ಬಲಗೈ ಎಲೆಯ ಮೇಲಿರುವಾಗಲೇ ಎಡಗೈಯಲ್ಲಿ ಮೊಬೈಲ್ ತೆಗೆದು ಎಕ್ಸೆಲ್ ಶೀಟ್ ತೋರಿಸುತ್ತಾರೆ: ಕೋರು, ಕ್ಲಾಕು, ಮೆಮೊರಿ, ಬಸ್ಸು, ವ್ಯಾಟು, ಬೆಲೆ. ಗೆದ್ದ ಮನೆಗೆ ಹಸಿರು, ಸೋತದ್ದಕ್ಕೆ ಕೆಂಪು. ಶೀಟಿನಲ್ಲಿ ಹತ್ತಾರು ಕಾರ್ಡುಗಳಿವೆ. ಅವರ ಸ್ವಂತ ಕಂಪ್ಯೂಟರಿನಲ್ಲಿ ಒಂದೂ ಇಲ್ಲ. ಮುಂದಿನದು ಬರಲಿ ಎಂದು ಕಾಯುತ್ತಿದ್ದಾರೆ. ಇಂಥವರನ್ನು ಅರೆಬೆಂದ ಪಂಡಿತರೆಂದು ಗೇಲಿ ಮಾಡುವುದು ಸುಲಭ, ಆದರೆ ಅದು ಅನ್ಯಾಯ. ಅವರ ಅಂಕಿಗಳೆಲ್ಲ ನಿಜ. ತೀರ್ಪು ಮಾತ್ರ ಸುಳ್ಳಾಗುತ್ತದೆ. ಯಾಕೆಂದರೆ ಅವರು ಕಾರ್ಡನ್ನು ಕಾರ್ಡಿನ ಜೊತೆ ತೂಗುತ್ತಾರೆಯೇ ಹೊರತು ಅದರ ಮುಂದೆ ಕೂರುವ ಮನುಷ್ಯನ ಜೊತೆ ತೂಗುವುದಿಲ್ಲ.

ಮಾವನಿಗೆ ಬೇಡವೆಂದ ಕಾರ್ಡನ್ನೇ ನೋಡೋಣ. 2021ರಲ್ಲಿ ಬಂದ ಎನ್ವಿಡಿಯಾ ಆರ್‌ಟಿಎಕ್ಸ್ 3060ಕ್ಕೆ 3584 ಕೋರು, 12 ಜಿಬಿ ಮೆಮೊರಿ, 192 ಬಿಟ್ ಬಸ್ಸು, ಸೆಕೆಂಡಿಗೆ 360 ಜಿಬಿ ಸಾಗಣೆ. 2023ರ 4060ಕ್ಕೆ 3072 ಕೋರು, 8 ಜಿಬಿ, 128 ಬಿಟ್, 272 ಜಿಬಿ. ನಾಲ್ಕಕ್ಕೆ ನಾಲ್ಕೂ ಕೆಂಪು! ಹೊಸದು ಹಳೆಯದಕ್ಕಿಂತ ಕಡೆ ಎಂದು ಆಚಾರ್ಯರು ಷರಾ ಬರೆದೇಬಿಡುತ್ತಾರೆ. ಆದರೆ 1080ಪಿ ಪರದೆಯ ಮೇಲೆ ಆಟ ಓಡಿಸಿ ನೋಡಿದರೆ ಹೆಚ್ಚಿನ ಆಟಗಳಲ್ಲಿ ಮುಂದಿರುವುದು 4060. ಅದರ ಬೂಸ್ಟ್ ಕ್ಲಾಕ್ 2.46 ಗಿಗಾಹರ್ಟ್ಸ್, ಹಳೆಯದರದ್ದು 1.78. ಎಲ್2 ಕ್ಯಾಶ್ 3 ಎಂಬಿಯಿಂದ 24 ಎಂಬಿಗೆ ಏರಿದ್ದರಿಂದ ಚಿಪ್ಪು ಮೆಮೊರಿಯ ಬಾಗಿಲು ತಟ್ಟುವ ಸಂದರ್ಭವೇ ಕಡಿಮೆ. ವಿದ್ಯುತ್ತು 170 ವ್ಯಾಟಿನಿಂದ 115ಕ್ಕೆ ಇಳಿದಿದೆ. ದಿನಕ್ಕೆ ನಾಲ್ಕು ಗಂಟೆ ಪೂರ್ತಿ ದುಡಿಸಿದರೆ ತಿಂಗಳಿಗೆ ಆರೂವರೆ ಯೂನಿಟ್ ಉಳಿತಾಯ. ಹಾಗಾದರೆ ಆಚಾರ್ಯರು ಸೋತರೇ? ಅದೂ ಅಲ್ಲ. 8 ಜಿಬಿಯಲ್ಲಿ ಹಿಡಿಸದ ಭಾರೀ ಟೆಕ್ಸ್ಚರುಗಳಿರುವ ಆಟ, ಬ್ಲೆಂಡರಿನ ದೊಡ್ಡ ದೃಶ್ಯ, ಮನೆಯಲ್ಲೇ ಓಡಿಸುವ ಎಐ ಮಾದರಿ, ಇವುಗಳ ಹತ್ತಿರ ಬಂದರೆ ಹಳೆಯ 3060ರ 12 ಜಿಬಿಯೇ ಕೈ ಹಿಡಿಯುತ್ತದೆ. ಅಂದಮೇಲೆ ಯಾವುದು ಮೇಲು ಎಂಬುದು ಮಾವನ ಮಗ ಕಂಪ್ಯೂಟರಿನಲ್ಲಿ ಏನು ಮಾಡುತ್ತಾನೆ ಎಂಬುದರ ಮೇಲೆ ನಿಂತಿದೆ. ಶೀಟಿನಲ್ಲಿ ಆ ಕಾಲಮ್ಮೇ ಇಲ್ಲ.

ಇನ್ನು ಕೋರುಗಳ ಎಣಿಕೆ. 2018ರ ಆರ್‌ಟಿಎಕ್ಸ್ 2080 ಟಿಐಗೆ 4352 ಕೋರು, 2020ರ 3070ಕ್ಕೆ 5888. ಲೆಕ್ಕದ ಪ್ರಕಾರ ಎರಡನೆಯದು ಮೂರನೇ ಒಂದು ಪಾಲಿಗೂ ಮಿಗಿಲು ವೇಗವಾಗಬೇಕು. ಆಟದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಸಮ. ಹಳೆಯ ಪೀಳಿಗೆಯಲ್ಲಿ ಪೂರ್ಣಾಂಕದ ಲೆಕ್ಕಕ್ಕೂ ದಶಾಂಶದ ಲೆಕ್ಕಕ್ಕೂ ಬೇರೆಬೇರೆ ಘಟಕಗಳಿದ್ದು, ದಶಾಂಶದವನ್ನಷ್ಟೇ ಕೋರು ಎಂದು ಎಣಿಸುತ್ತಿದ್ದರು. ಹೊಸ ಪೀಳಿಗೆಯಲ್ಲಿ ಪೂರ್ಣಾಂಕದ ಘಟಕವೂ ದಶಾಂಶದ ಕೆಲಸ ಕಲಿಯಿತು. ಕೂಡಲೇ ಎಣಿಕೆ ದುಪ್ಪಟ್ಟಾಯಿತು. ಆದರೆ ಪೂರ್ಣಾಂಕದ ಕೆಲಸವನ್ನೂ ಅದೇ ಮಾಡಬೇಕಲ್ಲ? ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಪಾವಿನಲ್ಲಿ ಅಳೆದ ಅಕ್ಕಿಯ ಎಣಿಕೆಯನ್ನಷ್ಟೇ ನೋಡಿ ಪಾವಿನವನಲ್ಲಿ ಅಕ್ಕಿ ಜಾಸ್ತಿ ಎಂದ ಹಾಗಾಯಿತು ಇದು. ಎಎಂಡಿಯ ಕಾರ್ಡನ್ನು ಎನ್ವಿಡಿಯಾದ ಕಾರ್ಡಿನೊಂದಿಗೆ ಕೋರಿಗೆ ಕೋರು ಹೋಲಿಸುವುದಂತೂ ಇನ್ನೂ ವ್ಯರ್ಥ. ಆಚಾರ್ಯರಿಗೆ ಇದೂ ಗೊತ್ತು. ಆದರೆ ಗೊತ್ತಿರುವುದನ್ನು ಒಪ್ಪಿದರೆ ಅರ್ಧ ಶೀಟನ್ನು ಅಳಿಸಬೇಕಾಗುತ್ತದೆ.

ಅಂಕಿ ಬೇಡ, ಬೆಂಚ್‌ಮಾರ್ಕ್ ನೋಡಿದರಾಯಿತಲ್ಲ ಎನ್ನಬಹುದು. ನೋಡಬೇಕು, ಆದರೆ ಕಣ್ಣು ತೆರೆದು. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡು ಕ್ವೇಕ್ 3 ಆಟದಲ್ಲಿ ಮಿಂಚುತ್ತಿತ್ತು. ಆ ಪ್ರೋಗ್ರಾಮಿನ ಹೆಸರನ್ನು 'ಕ್ವ್ಯಾಕ್' ಎಂದು ಬದಲಿಸಿ ಓಡಿಸಿದರೆ ವೇಗ ಇಳಿದು ಚಿತ್ರ ಚೊಕ್ಕಟವಾಯಿತು. ಡ್ರೈವರು ಆಟದ ಹೆಸರು ನೋಡಿ ಕೈಚಳಕ ತೋರುತ್ತಿತ್ತು. 2003ರಲ್ಲಿ ಎನ್ವಿಡಿಯಾದ ಸರದಿ: ಅದರ ಡ್ರೈವರು 3ಡಿಮಾರ್ಕ್03 ಪರೀಕ್ಷೆಯನ್ನು ಗುರುತು ಹಿಡಿದು, ಕ್ಯಾಮೆರಾ ಹೋಗದ ದಿಕ್ಕನ್ನು ಬಿಡಿಸುವ ಗೋಜಿಗೇ ಹೋಗುತ್ತಿಲ್ಲ ಎಂದು ಪರೀಕ್ಷೆ ತಯಾರಿಸಿದ ಫ್ಯೂಚರ್‌ಮಾರ್ಕ್ ದೂರಿತು. ಆಮೇಲೆ ಇಬ್ಬರೂ ರಾಜಿಯಾಗಿ, ಅದು ಮೋಸವಲ್ಲ, ಆಪ್ಟಿಮೈಸೇಶನ್ ಎಂದರು! 2025ರ ಜನವರಿಯಲ್ಲಿ 549 ಡಾಲರಿನ 5070 ಕಾರ್ಡು ಹಿಂದಿನ ಪೀಳಿಗೆಯ ದೊರೆ 4090ಕ್ಕೆ ಸರಿಸಮ ಎಂದು ಎನ್ವಿಡಿಯಾ ವೇದಿಕೆಯ ಮೇಲೆ ಸಾರಿದ್ದು ಇದೇ ಪರಂಪರೆಯ ಮುಂದುವರಿಕೆ. ನಾಲ್ಕು ಫ್ರೇಮಿನಲ್ಲಿ ಮೂರನ್ನು ಎಐ ಊಹಿಸಿ ಬರೆದದ್ದನ್ನೂ ಲೆಕ್ಕಕ್ಕೆ ಹಿಡಿದರೆ ಮಾತ್ರ ಆ ಸಮಾನತೆ.

ಇಲ್ಲಿಯೇ ಆಚಾರ್ಯರ ಪರವಾಗಿ ಒಂದು ಮಾತು ಹೇಳಲೇಬೇಕು. ವ್ಯಾಪಾರಿಗಳು ಇಷ್ಟು ಚಾಲಾಕಿಯಾಗಿರುವಾಗ ಅನುಮಾನದ ಪ್ರಾಣಿಗಳು ಲೋಕಕ್ಕೆ ಬೇಕು. 2016ರ ಜಿಟಿಎಕ್ಸ್ 1060ರ 3 ಜಿಬಿ ಮತ್ತು 6 ಜಿಬಿ ಮಾದರಿಗಳಲ್ಲಿ ಮೆಮೊರಿಯಷ್ಟೇ ಬೇರೆಯೆಂದು ಕೊಂಡವರು ನಂಬಿದ್ದರು. ಕೋರುಗಳೂ 1280ರಿಂದ 1152ಕ್ಕೆ ಇಳಿದಿದ್ದವು. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಸೆಕೆಂಡಿಗೆ 48 ಜಿಬಿ ಸಾಗಿಸುವ ಕಾರ್ಡೂ ಇದೆ, 17 ಜಿಬಿಯನ್ನೂ ಮುಟ್ಟದ ಕಾರ್ಡೂ ಇದೆ. ಜಿಟಿಎಕ್ಸ್ 970ರ 4 ಜಿಬಿಯಲ್ಲಿ ಕೊನೆಯ ಅರ್ಧ ಜಿಬಿ ಕುಂಟುತ್ತದೆ ಎಂದು 2015ರಲ್ಲಿ ಪತ್ತೆ ಹಚ್ಚಿದವರು ಕೊಂಡ ಕಾರ್ಡನ್ನು ಅಳೆದು ನೋಡುವ ಚಟದವರೇ. ಮೊಕದ್ದಮೆ ನಡೆದು ಅಮೆರಿಕದ ಗ್ರಾಹಕರಿಗೆ ಕಾರ್ಡಿಗೆ 30 ಡಾಲರ್ ಕೊಡಲು ಕಂಪನಿ ಒಪ್ಪಬೇಕಾಯಿತು. ಸಂಬಳವಿಲ್ಲದ ಈ ಲೆಕ್ಕಪರಿಶೋಧಕರು ಇಲ್ಲದಿದ್ದರೆ ಡಬ್ಬಿಯ ಮೇಲೆ ಬರೆದದ್ದೇ ವೇದವಾಗುತ್ತಿತ್ತು.

ಆದರೂ ಲೆಕ್ಕಪರಿಶೋಧಕರ ಕೈಗೆ ಥೈಲಿ ಕೊಡಬಾರದು. ಎಸ್.ಪಿ. ರಸ್ತೆಯ ಅಂಗಡಿಯವನು ಆಚಾರ್ಯರ ಉಪನ್ಯಾಸವನ್ನೆಲ್ಲ ಕೇಳಿ, ಗಲ್ಲಾಪೆಟ್ಟಿಗೆಯ ಹಿಂದಿನಿಂದ ಮೂರೇ ಪ್ರಶ್ನೆ ಹಾಕುತ್ತಾನೆ: "ಮಾನಿಟರ್ ಯಾವುದಿದೆ ಸಾರ್? ಎಸ್‌ಎಂಪಿಎಸ್ ಎಷ್ಟು ವ್ಯಾಟು? ಕ್ಯಾಬಿನೆಟ್ಟಲ್ಲಿ ಜಾಗ ಎಷ್ಟಿದೆ?" 60 ಹರ್ಟ್ಸ್ ಮಾನಿಟರಿಗೆ 140 ಫ್ರೇಮ್ ಕೊಟ್ಟರೂ ಅದು ತೋರಿಸುವುದು 60ನ್ನೇ. 5090ಕ್ಕೆ ಒಂದಕ್ಕೇ 575 ವ್ಯಾಟ್ ಬೇಕು. ಮನೆಯ 600 ವಿಎ ಯುಪಿಎಸ್ ಕರೆಂಟ್ ಹೋದ ಕ್ಷಣವೇ ಕೈಚೆಲ್ಲುತ್ತದೆ. ಹಾಗಾಗಿ ಕಾರ್ಡು ಕೊಳ್ಳುವವರಿಗೆ ಇಷ್ಟು ಹೇಳಬಹುದು: ತುಲನಾಚಾರ್ಯರನ್ನು ಧಾರಾಳವಾಗಿ ಕೇಳಿ, ಪ್ರಶ್ನೆ ಮಾತ್ರ ಬದಲಿಸಿ. ಯಾವುದು ಶ್ರೇಷ್ಠ ಎನ್ನಬೇಡಿ. ನಿಮ್ಮ ಪರದೆ, ನಿಮ್ಮ ಕೆಲಸ, ನಿಮ್ಮ ದುಡ್ಡು ಇಷ್ಟನ್ನು ಹೇಳಿ, ಇದಕ್ಕೆ ಯಾವುದು ಸಾಕು ಎಂದು ಕೇಳಿ. ಅವರಿಗೆ ಉತ್ತರ ಗೊತ್ತಿರುತ್ತದೆ. ಆರು ತಿಂಗಳು ಕಾಯಿರಿ ಎಂದರೆ ಮಾತ್ರ ಕಾಯಬೇಡಿ. ಆರು ತಿಂಗಳ ಮೇಲೂ ಅವರು ಅದನ್ನೇ ಹೇಳುತ್ತಾರೆ.